ಇಬ್ನ್ ಅಬ್ಬಾಸರ ಮಾತಿನ ಉಳಿದರ್ಧ

ಪ್ರೀತಿಯ ಬೇಟಿ,

ಅಸ್ಸಲಾಮು ಅಲೈಕುಮ್.

ನಿನ್ನ ಪತ್ರದ ಬೇರೆಲ್ಲ ವಿಷಯಗಳಿಗೆ ಅಮ್ಮಿ ಉತ್ತರ ಬರೆದಿದ್ದಾಳೆ. ನಾನು ಬರೆಯುತ್ತಿರುವುದು ಕೊನೆಯ ಪುಟದಲ್ಲಿ ನೀನು ಬೇರೆ ಯಾವುದೋ ಮಾತಿನ ನಡುವೆ ನುಸುಳಿಸಿದ ಆ ಒಂದು ಸಾಲಿಗಾಗಿ. “ಮಾಮು, ವಿಡಿಯೋ ಗೇಮ್‌ನ ಪಾತ್ರದ ಕಣ್ಣು ಬಿಡಿಸುವ ಹೊತ್ತಿಗೆ ಕೈ ನಿಂತುಬಿಡುತ್ತದೆ. ಕಿಯಾಮತ್‌ನ ತೀರ್ಪಿನ ದಿನ ಇದಕ್ಕೆ ಜೀವ ಕೊಡು ಎಂದರೆ ನಾನೇನು ಮಾಡಲಿ?” ಓದಿದಂದಿನಿಂದ ಮನಸ್ಸು ನೆಟ್ಟಗಿಲ್ಲ.

ನಿನಗೆ ಇದನ್ನು ಹೇಳಿದವರು ಸುಳ್ಳು ಹೇಳಿಲ್ಲ. ಚಿತ್ರ ಮಾಡಿದವರಿಗೆ ‘ನೀವು ಸೃಷ್ಟಿಸಿದ್ದಕ್ಕೆ ಜೀವ ಕೊಡಿ’ ಎನ್ನಲಾಗುವುದು ಎಂಬ ಹದೀಸ್, ಅಂದರೆ ಪ್ರವಾದಿಯವರ ಮಾತಿನ ವರದಿ, ಬುಖಾರಿ ಸಂಗ್ರಹದಲ್ಲೂ ಇದೆ, ಮುಸ್ಲಿಮ್ ಸಂಗ್ರಹದಲ್ಲೂ ಇದೆ. ಅದನ್ನು ತೇಲಿಸಿ ಮಾತನಾಡಿ ನಿನ್ನನ್ನು ಸಮಾಧಾನಪಡಿಸುವಷ್ಟು ಧೈರ್ಯ ನನಗಿಲ್ಲ. ಆದರೆ ಹೇಳಿದವರು ಅರ್ಧಕ್ಕೇ ನಿಲ್ಲಿಸಿದ್ದಾರೆ ಎಂದು ನನಗೆ ಅನಿಸುತ್ತದೆ.

ಪ್ರವಾದಿಯವರ ಸಹಚರರಾದ ಇಬ್ನ್ ಅಬ್ಬಾಸರ ಬಳಿಗೆ ಒಬ್ಬ ಬಂದ. ‘ಕೈಕೆಲಸವೇ ನನ್ನ ಜೀವನ, ಈ ಚಿತ್ರಗಳನ್ನು ಮಾಡಿ ಬದುಕುತ್ತೇನೆ’ ಎಂದ. ನಿನ್ನದೇ ಪ್ರಶ್ನೆ. ಪ್ರವಾದಿಯವರಿಂದ (ಸ) ಕೇಳಿದ್ದನ್ನು ಅವರು ಹಾಗೆಯೇ ಹೇಳಿದರು: ಚಿತ್ರ ಮಾಡಿದವನು ಅದಕ್ಕೆ ರೂಹ್ (ಆತ್ಮ) ಊದುವವರೆಗೆ ಅಲ್ಲಾಹನು ಅವನನ್ನು ಶಿಕ್ಷಿಸುವನು, ಊದಲು ಅವನಿಂದ ಎಂದಿಗೂ ಆಗದು. ಆ ಮನುಷ್ಯನಿಗೆ ಉಸಿರು ಮೇಲಕ್ಕೆ ಬಂತು, ಮುಖ ಬಿಳಿಚಿತು ಎಂದು ಹದೀಸಿನಲ್ಲೇ ಇದೆ. ನೀನು ಈಗ ನಿಂತಿರುವುದು ಅಲ್ಲಿಯೇ, ಆ ಬಿಳಿಚಿದ ಮುಖದಲ್ಲಿ. ಆದರೆ ಇಬ್ನ್ ಅಬ್ಬಾಸರು ಅವನನ್ನು ಅಲ್ಲಿಯೇ ಬಿಟ್ಟು ಎದ್ದು ಹೋಗಲಿಲ್ಲ. ಮಾಡಲೇಬೇಕೆಂದಿದ್ದರೆ ಮರಗಳನ್ನು ಮಾಡು, ರೂಹ್ ಇಲ್ಲದ್ದನ್ನು ಮಾಡು ಎಂದರು. ಕಸುಬು ಬಿಟ್ಟು ಹೋಗು ಎನ್ನಲಿಲ್ಲ, ಕಸುಬಿನೊಳಗೇ ಒಂದು ಬಾಗಿಲು ತೋರಿಸಿದರು. ಭಯ ಹುಟ್ಟಿಸಿದ ಬಾಯಿಂದಲೇ ಆ ಮಾತೂ ಬಂತು.

ನನಗೆ ಈ ಉಳಿದರ್ಧ ಗೊತ್ತಾಗುವಾಗ ತಡವಾಗಿತ್ತು. ಯೌವನದಲ್ಲಿ ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದೆ ಎಂಬುದು ನಿನಗೆ ಗೊತ್ತಿರಲಾರದು, ಮನೆಯಲ್ಲಿ ಅದರ ಮಾತು ಬರುವುದಿಲ್ಲ. ಒಂದು ಬಯಾನ್‌ನಲ್ಲಿ (ಧಾರ್ಮಿಕ ಪ್ರವಚನದಲ್ಲಿ) ಆ ಹದೀಸಿನ ಮೊದಲರ್ಧ ಕೇಳಿದೆ. ತಲೆ ತೆಗೆದರೆ ಚಿತ್ರ ಚಿತ್ರವಾಗಿ ಉಳಿಯುವುದಿಲ್ಲ ಎಂದು ಯಾರೋ ಹೇಳಿದ್ದರಿಂದ, ಬರೆದಿಟ್ಟಿದ್ದ ಪ್ರತಿಯೊಂದು ಹಕ್ಕಿಯ ಕೊರಳಿಗೂ ಸ್ಕೇಲ್ ಇಟ್ಟು ಅಡ್ಡಗೆರೆ ಎಳೆದೆ. ಪುಸ್ತಕದವರು ಆ ಹಾಳೆಗಳನ್ನು ವಾಪಸ್ಸು ಕಳುಹಿಸಿದರು, ಅವರದು ತಪ್ಪಲ್ಲ. ಆಮೇಲೆ ಪೆನ್ಸಿಲ್ ಮುಟ್ಟಲಿಲ್ಲ. ಬಿಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಅಲ್ಲಾಹನಿಗಾಗಿ ಬಿಟ್ಟದ್ದು ವ್ಯರ್ಥವಾಗುವುದಿಲ್ಲ. ಯಾರನ್ನೂ ಕೇಳದೆ ಬಿಟ್ಟೆ ಎಂಬುದೇ ಕೊರಗು. ಆ ಪುಸ್ತಕಗಳಲ್ಲಿ ಹಣ್ಣುಗಳಿದ್ದವು, ದೋಣಿ, ಬೆಟ್ಟ, ಮೋಡ ಎಲ್ಲ ಇದ್ದವು. ಅವನ್ನೂ ಹಕ್ಕಿಗಳ ಜೊತೆಗೇ ಮಡಿಚಿಟ್ಟೆ. ನನ್ನನ್ನು ನೋಡಿ ನಿನ್ನ ಅಮ್ಮಿಯೂ ಬಣ್ಣದ ಡಬ್ಬಿ ಮುಚ್ಚಿದಳು. ಅವಳು ಬರೆಯುತ್ತಿದ್ದುದು ಬರೀ ಬಳ್ಳಿ, ಹೂವು. ಅವಳಿಗೆ ಆಗ ಹೇಳಬಹುದಾಗಿದ್ದ ಒಂದು ಮಾತು ನನಗೇ ಗೊತ್ತಿರಲಿಲ್ಲ.

ಇರಲಿ, ನಿನ್ನ ವಿಷಯಕ್ಕೆ ಬರುತ್ತೇನೆ. ನಾನು ಆಲಿಮನಲ್ಲ, ಧರ್ಮಶಾಸ್ತ್ರದ ವಿದ್ವಾಂಸನಲ್ಲ. ಓದಿ ತಿಳಿದದ್ದನ್ನು ಹೇಳುತ್ತೇನೆ, ಫತ್ವಾ ಎಂದು ತಿಳಿಯಬೇಡ.

ಹೆಚ್ಚಿನ ಇಮಾಮರು ಜೀವವಿರುವುದರ ಚಿತ್ರ ಬರೆಯುವುದನ್ನು ಹರಾಮ್ (ನಿಷಿದ್ಧ) ಎಂದೇ ಹೇಳಿದ್ದಾರೆ, ಅದು ಬಟ್ಟೆಯ ಮೇಲಿರಲಿ, ಗೋಡೆಯ ಮೇಲಿರಲಿ. ಮಾಲಿಕೀ ಮದ್‌ಹಬ್‌ನಲ್ಲಿ (ಶಾಸ್ತ್ರಪಂಥದಲ್ಲಿ) ಮಾತ್ರ ನೆರಳು ಬೀಳುವ ಪ್ರತಿಮೆ ಹರಾಮ್, ನೆರಳಿಲ್ಲದ ಚಪ್ಪಟೆ ಚಿತ್ರ ಮಕ್ರೂಹ್ (ಮಾಡದಿದ್ದರೆ ಒಳ್ಳೆಯದು) ಎಂಬ ಅಭಿಪ್ರಾಯ ಪ್ರಸಿದ್ಧವಾಗಿದೆ. ಅದಕ್ಕೂ ಹಿಂದೆ ಮದೀನಾದ ಏಳು ಪ್ರಮುಖ ಫಕೀಹರಲ್ಲಿ (ಧರ್ಮಶಾಸ್ತ್ರಜ್ಞರಲ್ಲಿ) ಒಬ್ಬರಾದ ಖಾಸಿಮ್ ಇಬ್ನ್ ಮುಹಮ್ಮದ್ ಅವರ ಮನೆಯ ಪರದೆಯಲ್ಲಿ ಅನ್ಕಾ ಹಕ್ಕಿಯ ಚಿತ್ರವಿತ್ತಂತೆ. ಅನ್ಕಾ ಎಂದರೆ ನಿಮ್ಮ ಆಟಗಳಲ್ಲಿ ಬರುವಂಥದ್ದೇ ಕಲ್ಪನೆಯ ಹಕ್ಕಿ. ನನಗೆ ಸೋಜಿಗ ಎಂದರೆ, ಪ್ರವಾದಿಯವರ ಪತ್ನಿ ಆಯಿಷಾ (ರ) ಅವರ ಮನೆಯ ಚಿತ್ರದ ಪರದೆಯನ್ನು ಕಂಡು ಪ್ರವಾದಿಯವರ ಮುಖದ ಬಣ್ಣ ಬದಲಾದದ್ದು, ಅದನ್ನು ಹರಿದು ದಿಂಬು ಮಾಡಿದ್ದು, ಈ ಹದೀಸನ್ನು ಆಯಿಷಾರಿಂದ ಕೇಳಿ ನಮಗೆ ತಲುಪಿಸಿದವರೂ ಇದೇ ಖಾಸಿಮ್, ಆಯಿಷಾರ ತಮ್ಮನ ಮಗ. ಕೇಳಿದ್ದವರೇ ಅದನ್ನು ಬೇರೆಯಾಗಿ ತಿಳಿದುಕೊಂಡಿದ್ದರು. ಆದರೆ 1277ರಲ್ಲಿ ತೀರಿಕೊಂಡ ಇಮಾಮ್ ನವವಿ, ನೆರಳಿಲ್ಲದ ಚಿತ್ರಕ್ಕೆ ಅಡ್ಡಿಯಿಲ್ಲ ಎಂಬ ವಾದವನ್ನು ತಳ್ಳಿಹಾಕಿದ್ದಾರೆ. ಅದನ್ನೂ ನಿನ್ನಿಂದ ಮುಚ್ಚಿಡಬಾರದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಅಬ್ದುಹು, ವಿಗ್ರಹಾರಾಧನೆಯ ಭಯವಿಲ್ಲದ ಕಡೆ ಮನುಷ್ಯರ ಚಿತ್ರವೂ ಗಿಡಮರಗಳ ಚಿತ್ರದಂತೆಯೇ ಎಂದರು. ಒಪ್ಪಿದವರೂ ಇದ್ದಾರೆ, ಸಿಟ್ಟಾದವರೂ ಇದ್ದಾರೆ. ಪರದೆಯ ಮೇಲೆ ಮೂಡಿ ಅಳಿಯುವ ಡಿಜಿಟಲ್ ಬಿಂಬ, ಅಚ್ಚಾಗದಿದ್ದರೆ, ಹದೀಸ್ ಹೇಳುವ ಚಿತ್ರವಲ್ಲ ಎನ್ನುವ ಉಲಮಾ (ವಿದ್ವಾಂಸರು) ಈಗ ಇದ್ದಾರೆ. ಅವರಲ್ಲಿ ಬಹಳ ಮಂದಿ ಮಾತನಾಡಿದ್ದು ಕ್ಯಾಮೆರಾದ ಕುರಿತು. ನೀನು ಕೈಯಾರೆ ಬಿಡಿಸುವವಳು, ಆ ರಿಯಾಯಿತಿ ನಿನಗೂ ಸಲ್ಲುತ್ತದೆ ಎಂದು ಸುಮ್ಮನೆ ಊಹಿಸಿಕೊಳ್ಳಬೇಡ.

ನೀನು ಕಳೆದ ಸಲ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ ಆ ಯೋಧನನ್ನು ನಾನು ಎಷ್ಟೋ ಸಲ ನೆನೆದೆ. ಮೊದಲು ಬೂದು ಬಣ್ಣದ ಬೊಂಬೆ, ಆಮೇಲೆ ಒಳಗೆ ಮೂಳೆಗಳಂಥ ಗೆರೆಗಳು, ಮೇಲೆ ಚರ್ಮದ ಹೊದಿಕೆ. ನೀನು ಬೆಳಕನ್ನು ಎಡಕ್ಕೆ ಸರಿಸಿದಾಗ ಅವನ ನೆರಳು ಬಲಕ್ಕೆ ಸರಿಯಿತು. ಹಿಂದಿನ ಕೆಲವು ಫಕೀಹರು ನೆರಳನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಇವನಿಗೆ ನೆರಳಿದೆ, ಕೈ ಇಟ್ಟರೆ ಗಾಜು ಮಾತ್ರ ಸಿಗುತ್ತದೆ. ಇದು ಪ್ರತಿಮೆಯೋ, ಬಟ್ಟೆಯ ಮೇಲಿನ ಚಿತ್ರವೋ? ನನಗೆ ತೀರ್ಮಾನಿಸಲು ಆಗಲಿಲ್ಲ. ಆಯಿಷಾರ ಬೊಂಬೆಗಳ ನಡುವೆ ರೆಕ್ಕೆಯ ಕುದುರೆಯೊಂದಿತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿಯವರು (ಸ) ಕೇಳಿದಾಗ, ಸುಲೈಮಾನರ ಕುದುರೆಗಳಿಗೆ ರೆಕ್ಕೆಗಳಿದ್ದವೆಂದು ನೀವು ಕೇಳಿಲ್ಲವೇ ಎಂದರು ಆಕೆ. ದವಡೆಹಲ್ಲು ಕಾಣುವಂತೆ ನಕ್ಕರಂತೆ ಅವರು. ಮಕ್ಕಳ ಆಟಿಕೆಗೆ ರಿಯಾಯಿತಿ ಇದೆ ಎನ್ನುವವರು ಇದನ್ನೇ ಮುಂದಿಡುತ್ತಾರೆ. ನೀವು ಮಾಡುವ ಆಟಗಳೆಲ್ಲ ಮಕ್ಕಳವೇ ಎಂದು ನೀನೂ ಹೇಳಲಾರೆ.

ಮತ್ತೆ ಅಲ್ಲಿಗೇ ಬಂದೆ ನೋಡು, ನಿಂತುಹೋಗುವ ಆ ಕೈಗೆ. ಆ ಭಯ ಈಮಾನಿನದು (ವಿಶ್ವಾಸದ್ದು), ಅದನ್ನು ಕಿತ್ತೊಗೆ ಎನ್ನಲಾರೆ. ಆದರೆ ಹಗಲೆಲ್ಲ ಬಿಡಿಸಿ ರಾತ್ರಿಯೆಲ್ಲ ನಡುಗುವುದು ತಖ್ವಾ (ದೇವಭಯ) ಅಲ್ಲ ಬೇಟಿ, ಅದು ಬರೀ ಹಿಂಸೆ. ಒಂದೋ ಬಲ್ಲವರನ್ನು ಕೇಳಿ ಅವರ ಮಾತನ್ನು ನಂಬಿ ನಡೆ, ಇಲ್ಲವೇ ದಾರಿ ಬದಲಿಸು. ನೂರು ಕಡೆ ವಿಚಾರಿಸಿ ಅತ್ಯಂತ ಸಡಿಲವಾದ ಫತ್ವಾ ಆರಿಸಿಕೊಳ್ಳಬೇಡ, ಅತ್ಯಂತ ಬಿಗಿಯಾದದ್ದನ್ನು ಹುಡುಕಿ ಕೊರಳಿಗೆ ಕಟ್ಟಿಕೊಳ್ಳಲೂ ಬೇಡ.

ನಿನ್ನ ಕೆಲಸದ ಒಳಹೊರಗು ನನಗೆ ಗೊತ್ತಿಲ್ಲ, ತಪ್ಪಿದ್ದರೆ ನಕ್ಕುಬಿಡು. ಪಾತ್ರಗಳ ತಂಡದ ಪಕ್ಕದಲ್ಲೇ ಕಾಡು, ಕೋಟೆ, ಆಕಾಶ ಮಾಡುವ ಎನ್ವಿರಾನ್‌ಮೆಂಟ್ ತಂಡ ಇದೆ ಎಂದಿದ್ದೆಯಲ್ಲ? ಇಬ್ನ್ ಅಬ್ಬಾಸರು ಹೇಳಿದ ಮರಗಳು ಅಲ್ಲಿಯೇ ಇವೆ ಎಂದು ನನಗೆ ಅನಿಸುತ್ತದೆ. ಅಲ್ಲಿಗೆ ಬದಲಾಯಿಸುತ್ತಾರೆಯೇ ಎಂದು ಒಮ್ಮೆ ಕೇಳಿ ನೋಡಬಾರದೇ? ಸಂಬಳ ಕಡಿಮೆಯಾಗುವುದಾದರೆ ಅದೂ ಯೋಚಿಸಬೇಕಾದ್ದೇ, ಇಲ್ಲಿ ಕುಳಿತು ಹೇಳುವುದು ನನಗೆ ಸುಲಭ. ಪ್ರವಾದಿಗಳ ಚಿತ್ರ, ಬೆತ್ತಲೆ ಮೈ, ಪೂಜೆಗೆಂದು ಮಾಡುವ ಮೂರ್ತಿ, ಇವುಗಳಿಗೆ ಮಾತ್ರ ಯಾರನ್ನೂ ಕೇಳದೆಯೇ ಆಗುವುದಿಲ್ಲ ಎಂದುಬಿಡು. ಒಂದೇ ರಾತ್ರಿಯಲ್ಲಿ ರಾಜೀನಾಮೆ ಬರೆಯಬೇಡ, ನಾನು ಬಿಟ್ಟಂತೆ ಬಿಡಬೇಡ. ಇಸ್ತಿಖಾರಾ ಮಾಡು, ಸರಿದಾರಿ ತೋರಿಸೆಂದು ಅಲ್ಲಾಹನನ್ನು ಬೇಡು.

ಆಲಿಮರ ಬಳಿಗೆ ಹೋಗುವಾಗ ಬರೀ ‘ವಿಡಿಯೋ ಗೇಮ್’ ಎನ್ನಬೇಡ, ಅವರ ಮನಸ್ಸಿನಲ್ಲಿ ಏನೋ ಒಂದು ಮೂಡಿ ಉತ್ತರವೂ ಅದಕ್ಕೇ ಬರುತ್ತದೆ. ಆ ಯೋಧನನ್ನೇ ತೆರೆದು ತೋರಿಸು, ಬೆಳಕು ಸರಿಸಿ ನೆರಳನ್ನೂ ತೋರಿಸು. ಆಟ ಯಾರಿಗಾಗಿ, ಅದರಲ್ಲಿ ಜೂಜು ಇದೆಯೇ ಎಂದು ಅವರು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳು. ಅವರು ಹೇಳಿದ್ದನ್ನು ಅಲ್ಲಿಯೇ ಬರೆದುಕೊಂಡು ನನಗೂ ಒಂದು ಪ್ರತಿ ಕಳುಹಿಸು, ನನಗೂ ತಿಳಿಯಬೇಕಾಗಿದೆ. ಹೊರಡುವ ಮೊದಲು ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೋ.

ನಿನ್ನ
ಮಾಮು