ಸರಾತೋವ್ ವಿಮಾನ ಬಿದ್ದದ್ದು ಹಳತಾಗಿ ಅಲ್ಲ

ಮಾನ್ಯ ಸಂಪಾದಕರೇ,

ಬಾಗಿಲು ಹಾಕಿದ ವಿಮಾನ ಕಂಪನಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಅದರಲ್ಲಿ ರಷ್ಯಾದ ಸರಾತೋವ್ ಏರ್‌ಲೈನ್ಸ್‌ಗೆ ಸಿಕ್ಕಿದ್ದು ಒಂದೇ ಸಾಲು. ಹಳೇ ವಿಮಾನ ಹಾರಿಸಿ, ಅಪಘಾತವಾಗಿ ಮುಚ್ಚಿತು ಅಂತ. ಇದು ಸರಿಯಲ್ಲ. ವಿಮಾನಗಳ ರಿಪೇರಿಯಲ್ಲೇ ನೌಕರಿ ಮುಗಿಸಿದ ನನಗೆ ಸುಮ್ನೆ ಇರಲು ಆಗಲಿಲ್ಲ.

2018ರ ಫೆಬ್ರವರಿ 11ರಂದು ಮಾಸ್ಕೋದಿಂದ ಓರ್ಸ್ಕ್‌ಗೆ ಹೊರಟ ಆ ಆಂಟೊನೊವ್-148 ತಯಾರಾದದ್ದು 2010ರಲ್ಲಿ. ವಿಮಾನಕ್ಕೆ ಎಂಟು ವರ್ಷ ಅಂದರೆ ಇನ್ನೂ ಹರೆಯ. ಎಡವಟ್ಟಾದದ್ದು ಪಿಟೋ ಟ್ಯೂಬ್‌ನಲ್ಲಿ. ಮೂತಿಯ ಹತ್ತಿರ ಮುಂದಕ್ಕೆ ಚಾಚಿಕೊಂಡಿರುವ ಸಣ್ಣ ಕೊಳವೆ ಅದು. ಅದರ ಬಾಯಿಗೆ ನುಗ್ಗುವ ಗಾಳಿಯ ಒತ್ತಡದಿಂದಲೇ ಪೈಲಟ್‌ಗೆ ವೇಗ ಗೊತ್ತಾಗುವುದು. ವಿಮಾನ ನಿಂತಾಗ ಕೆಂಪು ಪಟ್ಟಿ ನೇತಾಡುವ ಕವರ್ ಹಾಕುತ್ತೇವೆ, ಇಲ್ಲದಿದ್ದರೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿಬಿಡುತ್ತದೆ. ಮೇಲೆ ಚಳಿಯಲ್ಲಿ ಮಂಜು ಕಟ್ಟದಿರಲಿ ಅಂತ ಒಳಗೆ ಹೀಟರ್ ಇರುತ್ತದೆ. ಪರೀಕ್ಷೆ ಮಾಡುವಾಗ ಕೈ ತಾಗಿದರೆ ಬೊಬ್ಬೆ ಏಳುವಷ್ಟು ಬಿಸಿ.

ಅವತ್ತು ಹಾರುವ ಮೊದಲು ಆ ಹೀಟರ್ ಸ್ವಿಚ್ ಹಾಕಿರಲಿಲ್ಲ. ಮಂಜು ಕಟ್ಟಿತು, ವೇಗದ ಮಾಪಕಗಳು ಒಂದೊಂದು ಲೆಕ್ಕ ಹೇಳಿದವು. ಪೈಲಟ್‌ಗಳು ಆಟೋಪೈಲಟ್ ಬಿಡಿಸಿ, ವೇಗ ಇಳಿಯುತ್ತಿದೆ ಅಂದುಕೊಂಡು ಮೂತಿ ಕೆಳಗೆ ಮಾಡಿದರು. 71 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತನಿಖಾ ವರದಿ ಪೈಲಟ್‌ಗಳನ್ನಷ್ಟೇ ದೂರಿ ಕೈತೊಳೆದುಕೊಳ್ಳಲಿಲ್ಲ, ಕಂಪನಿಯ ಸುರಕ್ಷತಾ ವ್ಯವಸ್ಥೆಯ ಕೊರತೆಗಳನ್ನೂ ಹೇಳಿತು. 2018ರ ಮೇ ಕೊನೆಗೇ ಕಂಪನಿಯ ಹಾರಾಟ ನಿಂತಿತ್ತು.

ಈ ಕಂಪನಿ ನಿನ್ನೆ ಮೊನ್ನೆಯದಲ್ಲ. ಅದರ ಬೇರು 1931ಕ್ಕೆ ಹೋಗುತ್ತದೆ. ಬಹಳ ಕಾಲ ಹಾರಿಸಿದ್ದು ಯಾಕ್-42. ಆ ವಿಮಾನ ತಯಾರಾಗುತ್ತಿದ್ದದ್ದೂ ಕಂಪನಿಯ ಊರಾದ ಸರಾತೋವ್‌ನ ಕಾರ್ಖಾನೆಯಲ್ಲಿ. ಬಾಹ್ಯಾಕಾಶಕ್ಕೆ ಮೊದಲು ಹೋದ ಗಗಾರಿನ್ ಹಾರಾಟ ಕಲಿತದ್ದೂ ಸರಾತೋವ್‌ನ ಫ್ಲೈಯಿಂಗ್ ಕ್ಲಬ್‌ನಲ್ಲೇ. ತಮ್ಮೂರಿನ ಕೈಯಲ್ಲಿ ಆದ ವಿಮಾನ ತಲೆಯ ಮೇಲೆ ಹಾರಿದರೆ ಎಷ್ಟು ಹೆಮ್ಮೆ ಅಂತ ಎಚ್‌ಎಎಲ್ ಪಕ್ಕದ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಆ ಕಾರ್ಖಾನೆಯೂ ಈಗಿಲ್ಲ. ಅಂಥ ಊರಿನ ಕಂಪನಿಯನ್ನು ಒಂದು ಸಾಲಿನಲ್ಲಿ, ಅದೂ ತಪ್ಪು ಸಾಲಿನಲ್ಲಿ, ಮುಗಿಸಿದ್ದು ನನಗೆ ಜಾಸ್ತಿ ಬೇಜಾರಾಯಿತು.

ನಿಮ್ಮ ಪತ್ರಿಕೆಯನ್ನು ಜಕ್ಕೂರಿನಲ್ಲಿ ಹಾರಾಟ ಕಲಿಯುವ ಮಕ್ಕಳೂ ಓದುತ್ತಾರೆ. ಪಿಟೋ ಟ್ಯೂಬ್‌ನ ಚಿತ್ರದ ಸಮೇತ ನಿಜವಾದ ಕಾರಣವನ್ನು ಅದೇ ಪುರವಣಿಯಲ್ಲಿ ದಯವಿಟ್ಟು ಪ್ರಕಟಿಸಿ.

– ನಿವೃತ್ತ ವಿಮಾನ ತಂತ್ರಜ್ಞ, ವಿಮಾನಪುರ, ಬೆಂಗಳೂರು