ತಡೆಗೋಡೆ ಹಿಂದಿನ ನೀರಿಗೆ ದಾರಿ ಬಿಡಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಬಂತಂದ್ರೆ ಮಣ್ಣು ಜಾರದ ಹಾಗೆ ಹಿಡಿಯೋ ತಡೆಗೋಡೆ ಕುಸಿದ ಸುದ್ದಿ ಬರ್ತಾನೇ ಇರುತ್ತೆ, ಎಲ್ರೂ ಸಿಮೆಂಟ್ ಸರಿಯಾಗಿ ಹಾಕಿಲ್ಲ ಅಂತ ಬೈತಾರೆ, ಆದ್ರೆ ಗೋಡೆ ಹಿಂದೆ ನಿಂತ ನೀರಿನ ಬಗ್ಗೆ ಯಾರೂ ಮಾತಾಡಲ್ಲ. ಒಣ ಮರಳುಮಣ್ಣು ತನ್ನ ಮೇಲಿರೋ ಭಾರದ ಸುಮಾರು ಮೂರನೇ ಒಂದು ಭಾಗದಷ್ಟು ಮಾತ್ರ ಅಡ್ಡಕ್ಕೆ ತಳ್ಳುತ್ತೆ, ನೀರು ಹಾಗಲ್ಲ, ಪೂರ್ತಿ ತಳ್ಳುತ್ತೆ. ಅದೂ ಅಲ್ದೆ ಗೋಡೆ ಎತ್ತರ ಎರಡು ಪಟ್ಟಾದ್ರೆ ತಳ್ಳೋ ಬಲ ನಾಲ್ಕು ಪಟ್ಟಾಗುತ್ತೆ, 1 ಮೀಟರ್ ಗೋಡೆ ಗಟ್ಟಿಯಾಗಿ ನಿಂತಿದೆ ಅಂತ ಅದೇ ದಪ್ಪದಲ್ಲಿ 2 ಮೀಟರ್ ಕಟ್ಟೋಕೆ ಹೋಗ್ಬಾರ್ದು.

ಕಲ್ಲಿನ ಗ್ರಾವಿಟಿ ವಾಲ್ ಬರೀ ತನ್ನ ತೂಕದಿಂದ ನಿಲ್ಲುತ್ತೆ, ಅದಕ್ಕೇ ಬುಡ ಅಷ್ಟು ಅಗಲ. ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಕ್ಯಾಂಟಿಲಿವರ್ ಗೋಡೆ ನಂಗೆ ತುಂಬಾ ಇಷ್ಟ, ಅದ್ರ ಪಾದ ಹಿಂದಿನ ಮಣ್ಣಿನ ಕೆಳಗೆ ಚಾಚಿರುತ್ತೆ, ಬೀಳಿಸೋಕೆ ನೋಡೋ ಮಣ್ಣೇ ಪಾದದ ಮೇಲೆ ಕೂತು ಗೋಡೆನ ಹಿಡ್ಕೊಳ್ಳುತ್ತೆ! ತಂತಿ ಬುಟ್ಟಿಗೆ ಕಲ್ಲು ತುಂಬೋ ಗೇಬಿಯನ್‌ನಲ್ಲಿ ನೀರು ತಾನಾಗೇ ಸೋರಿ ಹೋಗುತ್ತೆ. ಕಾಂಕ್ರೀಟಿಗೆ ಆ ಅನುಕೂಲ ಇಲ್ಲ, ಹಿಂದೆ ಜಲ್ಲಿ, ಜಲ್ಲಿಗೂ ಮಣ್ಣಿಗೂ ಮಧ್ಯೆ ಫಿಲ್ಟರ್ ಬಟ್ಟೆ, ಗೋಡೆಯಲ್ಲಿ ವೀಪ್ ಹೋಲ್ (ನೀರು ಹೊರಗೆ ಹೋಗೋ ತೂತು) ಬೇಕೇ ಬೇಕು. ಬಟ್ಟೆ ಹಾಕ್ಲಿಲ್ಲ ಅಂದ್ರೆ ಸಣ್ಣ ಮಣ್ಣು ಜಲ್ಲಿ ಸಂದಿಗೆ ಇಳಿದು ತೂತು ಕಟ್ಕೊಳ್ಳುತ್ತೆ.

ಎಷ್ಟೋ ಕಡೆ ಚೆಂದ ಕಾಣ್ಲಿ ಅಂತ ಪ್ಲಾಸ್ಟರ್ ಮಾಡುವಾಗ ಈ ತೂತುಗಳನ್ನೇ ಮುಚ್ಚಿಬಿಡ್ತಾರೆ. ಕಟ್ಟೋರು, ಬಿಲ್ ಪಾಸ್ ಮಾಡೋ ಇಂಜಿನಿಯರುಗಳು ದಯವಿಟ್ಟು ಜೋರು ಮಳೆ ಬಂದಾಗ ಹೋಗಿ ಅಲ್ಲಿಂದ ನೀರು ಬರ್ತಿದೆಯಾ ನೋಡಿ, ಬರ್ತಿಲ್ಲ ಅಂದ್ರೆ ತಕ್ಷಣ ಕ್ಲೀನ್ ಮಾಡ್ಸಿ.

ಇಂತಿ,
ಒಬ್ಬ ಓದುಗ