ಪುಸ್ತಕದಿಂದ ಟ್ಯಾಬ್‌ಗೆ: ನಮ್ಮ ಮಣ್ಣು ಮತ್ತು ನೀರು ಪರೀಕ್ಷಾ ಲ್ಯಾಬ್‌ನಿಂದ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಲ್ಯಾಬ್‌ನಲ್ಲಿ ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಬರೆಯುವುದನ್ನು ನಿಲ್ಲಿಸಿದ್ದೇವೆ. ತೋಟದ ಮಣ್ಣಿರಲಿ, ಬೋರ್‌ವೆಲ್ ನೀರಿರಲಿ, ಪರೀಕ್ಷೆಯ ಅಂಕಿಗಳೆಲ್ಲ ಈಗ ಟ್ಯಾಬ್‌ನಲ್ಲೇ ದಾಖಲಾಗುತ್ತವೆ. ಪರೀಕ್ಷೆಯ ವಿಧಾನ ಹಳೆಯದೇ. ಬರೆದಿಡುವ ರೀತಿ ಮಾತ್ರ ಹೊಸದು. ಆದರೂ ನಿಮಗೆ ಒಂದೆರಡು ವ್ಯತ್ಯಾಸ ಕಾಣುತ್ತದೆ, ಅದಕ್ಕೇ ಈ ಪತ್ರ.

ಯಾಕೆ ಬದಲಾಯಿಸಿದಿರಿ ಅಂತ ಕೇಳುತ್ತೀರಿ. ತಪ್ಪು ನಮ್ಮದೇ, ಹೇಳಿಬಿಡುತ್ತೇವೆ.

ಕಳೆದ ವರ್ಷ ಅಡಿಕೆ ಬೆಳೆಗಾರರೊಬ್ಬರು ರಿಪೋರ್ಟ್ ಹಿಡಿದುಕೊಂಡು ವಾಪಸ್ ಬಂದರು. 'ನಮ್ಮಜ್ಜನ ಕಾಲದಿಂದ ಸೊಪ್ಪು, ಕೊಟ್ಟಿಗೆ ಗೊಬ್ಬರ ಹಾಕಿದ ತೋಟ ಇದು. ಸಾವಯವ ಇಂಗಾಲ ಕಮ್ಮಿ ಅಂತ ಬರೆದಿದ್ದೀರಲ್ಲ, ಹೌದಾ?' ಎಂದರು. ಸಾವಯವ ಇಂಗಾಲ ಅಂದರೆ ಸೊಪ್ಪು, ಗೊಬ್ಬರ ಕೊಳೆತು ಮಣ್ಣಿಗೆ ಸೇರಿದ ಇಂಗಾಲ. ರಿಪೋರ್ಟ್‌ನಲ್ಲಿ ಇದ್ದದ್ದು ಶೇಕಡಾ 0.42. ಪುಸ್ತಕ ತೆಗೆದು ನೋಡಿದೆವು. ಈ ಪರೀಕ್ಷೆಯಲ್ಲಿ ಒಂದು ಗ್ರಾಂ ಮಣ್ಣಿಗೆ ಡೈಕ್ರೋಮೇಟ್ ಎಂಬ ರಾಸಾಯನಿಕ ಮತ್ತು ಸಲ್ಫ್ಯೂರಿಕ್ ಆಸಿಡ್ ಹಾಕಿ, ಅರ್ಧ ಗಂಟೆ ಬಿಟ್ಟು, ಆಮೇಲೆ ಬ್ಯೂರೆಟ್ ಎಂಬ ಅಳತೆ ಗೆರೆಗಳಿರುವ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಫೆರಸ್ (ಕಬ್ಬಿಣದ ಲವಣದ) ದ್ರಾವಣ ಬಿಡುತ್ತೇವೆ. ನೀಲಿ ಬಣ್ಣ ತಟ್ಟನೆ ಹಸಿರಾದ ಕೂಡಲೇ ನಿಲ್ಲಿಸಿ, ಎಷ್ಟು ಮಿಲೀ ಬಿಟ್ಟೆವು ಅನ್ನುವ ಅಂಕಿ ಓದಬೇಕು. ಅವತ್ತು ಬೆಂಚಿನಲ್ಲಿದ್ದ ಹುಡುಗ ಓದಿ ಬರೆದದ್ದು 11.2. ಸಂಜೆ ಅದನ್ನು ಕಂಪ್ಯೂಟರ್‌ಗೆ ಹತ್ತಿಸಿದವರ ಕಣ್ಣಿಗೆ ಅದು 17.2 ಆಗಿ ಕಂಡಿತ್ತು. ಪುಟದ ಮೇಲೆ ನೀರಿನ ಹನಿ ಬಿದ್ದು ಶಾಯಿ ಸ್ವಲ್ಪ ಹರಡಿತ್ತು ಅಷ್ಟೇ. ಮಣ್ಣಿಲ್ಲದ ಖಾಲಿ ಫ್ಲಾಸ್ಕಿನ ಲೆಕ್ಕ ಸರಿಯಾಗಿ 20 ಬಂದಿತ್ತು. ಮಣ್ಣಿನಲ್ಲಿ ಇಂಗಾಲ ಜಾಸ್ತಿ ಇದ್ದಷ್ಟೂ ಫೆರಸ್ ದ್ರಾವಣ ಕಮ್ಮಿ ಸಾಕಾಗುತ್ತದೆ. ಹಾಗಾಗಿ 11.2 ಹಾಕಿದರೆ ಇಂಗಾಲ 1.32, ಅಂದರೆ 'ಹೆಚ್ಚು'. 17.2 ಹಾಕಿದರೆ 0.42, ಅಂದರೆ 'ಕಡಿಮೆ'. ಪರೀಕ್ಷೆ ಸರಿಯಾಗಿಯೇ ಆಗಿತ್ತು. ನಕಲು ಮಾಡುವಾಗ ಹಾಳಾಯಿತು.

ಅವತ್ತೇ ಒಂದು ತೀರ್ಮಾನಕ್ಕೆ ಬಂದೆವು. ಅಂಕಿಯನ್ನು ಕಣ್ಣಾರೆ ಕಂಡವರು, ಕಂಡ ಜಾಗದಲ್ಲೇ, ಒಂದೇ ಸಲ ಬರೆಯಬೇಕು. ಅದನ್ನು ಮತ್ತೊಬ್ಬರು ಮತ್ತೊಂದು ಕಡೆ ಇಳಿಸಿಕೊಳ್ಳಬಾರದು. ಲ್ಯಾಬ್‌ಗಳಿಗೆ ಇರುವ ಐಎಸ್‌ಒ 17025 ನಿಯಮವೂ ಬಹುಪಾಲು ಇದನ್ನೇ ಹೇಳುತ್ತದೆ: ನೋಡಿದ್ದನ್ನು ನೋಡಿದಾಗಲೇ ದಾಖಲಿಸಿ, ತಿದ್ದಿದರೆ ಹಳೆಯದೂ ಉಳಿದಿರಲಿ.

ಹೇಳುವುದು ಸುಲಭ. ಬ್ಯೂರೆಟ್ ಪಕ್ಕದಲ್ಲಿ ಯಾವ ಯಂತ್ರ ಇಡುವುದು ಅನ್ನುವುದೇ ದೊಡ್ಡ ತಲೆನೋವಾಯಿತು.

ಮೊದಲು ಹಳೇ ಲ್ಯಾಪ್‌ಟಾಪ್ ಇಟ್ಟು ನೋಡಿದೆವು. ಬೆಂಚಿನ ಅರ್ಧ ಜಾಗ ಅದಕ್ಕೇ ಹೋಯಿತು, ಕೀಲಿಗಳ ಸಂದಿಯಲ್ಲಿ ಮಣ್ಣಿನ ಪುಡಿ ತುಂಬಿಕೊಂಡಿತು. ಆಮೇಲೆ ಹುಡುಗರು 'ನಮ್ಮ ಮೊಬೈಲ್‌ನಲ್ಲೇ ಹಾಕ್ತೀವಿ ಸಾರ್' ಎಂದರು. ಅದನ್ನು ಒಪ್ಪಲಿಲ್ಲ. ನಿಮ್ಮ ತೋಟದ ಲೆಕ್ಕ ಯಾರದ್ದೋ ಜೇಬಿನಲ್ಲಿ ಊರು ಸುತ್ತುವುದು ಬೇಡ. ಆಸಿಡ್ ಮುಟ್ಟಿದ ಗ್ಲೌಸ್‌ನಲ್ಲಿ ಹಿಡಿದ ಫೋನನ್ನೇ ಆಮೇಲೆ ಕಿವಿಗೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ.

ಕೊನೆಗೆ ಹತ್ತು ಇಂಚಿನ ಟ್ಯಾಬ್ ತಂದೆವು. ಒಂದೊಂದು ಬೆಂಚಿಗೆ ಒಂದೊಂದು, ಗೋಡೆಯ ಸ್ಟ್ಯಾಂಡ್‌ಗೆ ಸ್ಕ್ರೂ ಹಾಕಿ ಕೂರಿಸಿದ್ದೇವೆ. ಅಂಗಡಿಯವರು 'ಇದು ಐಪಿ 68, ನೀರಲ್ಲಿ ಮುಳುಗಿಸಿದರೂ ಏನೂ ಆಗಲ್ಲ' ಎಂದರು. ಅದು ಬಹುಪಾಲು ನಿಜವೇ. 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ, 8 ಅಂದರೆ ತಯಾರಕರು ಹೇಳಿದಷ್ಟು ಆಳ, ಅಷ್ಟು ಹೊತ್ತು ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ. ಆದರೆ ಆ ಪರೀಕ್ಷೆ ಮಾಡುವುದು ಬರೀ ನೀರಿನಲ್ಲಿ. ಆಸಿಡ್‌ಗೆ ಆ ಮಾತು ಅನ್ವಯಿಸುವುದಿಲ್ಲ. ಅದಕ್ಕೇ ಪರದೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕಿ, ವಾರಕ್ಕೊಮ್ಮೆ ಬದಲಾಯಿಸುತ್ತೇವೆ. ಒರೆಸುವುದಕ್ಕೆ ಸ್ಪಿರಿಟ್ ಮಾತ್ರ, ಅಸಿಟೋನ್ ಮುಟ್ಟಿಸುವುದಿಲ್ಲ.

ಟಚ್ ಪರದೆಯದ್ದು ಇನ್ನೊಂದು ಕಥೆ. ತೆಳು ನೀಲಿ ನೈಟ್ರೈಲ್ ಗ್ಲೌಸ್ ಹಾಕಿಕೊಂಡರೆ ಒತ್ತಬಹುದು, ದಪ್ಪ ರಬ್ಬರ್ ಗ್ಲೌಸ್‌ಗೆ ಅದು ಜಪ್ಪಯ್ಯ ಅಂದರೂ ಸ್ಪಂದಿಸುವುದಿಲ್ಲ. ಒದ್ದೆ ಬೆರಳಾದರೆ ಇನ್ನೂ ಮಜಾ, ನೀರಿನ ಹನಿಯನ್ನೇ ಬೆರಳು ಅಂದುಕೊಂಡು ತನಗೆ ತಾನೇ 5 ಒತ್ತಿಕೊಳ್ಳುತ್ತದೆ! ಅದಕ್ಕೆ ಪರಿಹಾರವಾಗಿ ಅಂಕಿ ಒತ್ತಲು ಬೇರೆಯಾಗಿ ಚಿಕ್ಕ ನಂಬರ್ ಕೀಪ್ಯಾಡ್ ಜೋಡಿಸಿದ್ದೇವೆ. ಬ್ಯಾಂಕಿನ ಕೌಂಟರ್‌ನಲ್ಲಿ ಕಾರ್ಡಿನ ಪಿನ್ ಒತ್ತುತ್ತೀರಲ್ಲ, ಹೆಚ್ಚು ಕಡಿಮೆ ಅಂಥದ್ದೇ. ನಿಜ ಹೇಳಬೇಕೆಂದರೆ, ಇಷ್ಟೆಲ್ಲ ಖರ್ಚಿನಲ್ಲಿ ಅತಿ ಅಗ್ಗದ್ದು ಅದು, ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದೂ ಅದೇ.

ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುವ ಸೌಲಭ್ಯವೂ ಟ್ಯಾಬ್‌ನಲ್ಲಿದೆ. ಹೊಗೆ ಎಳೆಯುವ ಫ್ಯಾನಿನ ಸದ್ದಿನಲ್ಲಿ 'ಐದು ಪಾಯಿಂಟ್ ಟೂ' ಅಂದರೆ ಅದು ಏನೇನೋ ಬರೆಯಿತು. ಬಿಟ್ಟೆವು. ತಕ್ಕಡಿಗೆ ಮಾತ್ರ ಕೇಬಲ್ ಹಾಕಿದ್ದೇವೆ, ತೂಕ ತಾನಾಗಿಯೇ ಟ್ಯಾಬ್‌ಗೆ ಹೋಗುತ್ತದೆ. ಹುಳಿ-ಕ್ಷಾರ ಅಳೆಯುವ ಪಿಎಚ್ ಮೀಟರ್ ಹಳೆಯದು, ಅದರ ಅಂಕಿ ಕೈಯಲ್ಲೇ ಒತ್ತಬೇಕು. ಬಣ್ಣ ಬದಲಾದದ್ದನ್ನು ಟ್ಯಾಬ್ ಕ್ಯಾಮೆರಾದಲ್ಲಿ ಯಾಕೆ ಹಿಡಿಯಬಾರದು ಅಂತ ಒಬ್ಬರು ಕೇಳಿದರು. ಕ್ಯಾಮೆರಾ ಬೆಳಕಿಗೆ ತಕ್ಕ ಹಾಗೆ ಬಣ್ಣವನ್ನು ತಾನೇ ತಿದ್ದಿಬಿಡುತ್ತದೆ. ಹಸಿರೋ ನೀಲಿಯೋ ಅನ್ನುವುದನ್ನು ಈಗಲೂ ಮನುಷ್ಯರ ಕಣ್ಣೇ ನೋಡಬೇಕು.

ಮಳೆಗಾಲದಲ್ಲಿ ಕರೆಂಟಿನ ಪಾಡು ನಿಮಗೇ ಗೊತ್ತು. ಕರೆಂಟ್ ಹೋದರೂ ಟ್ಯಾಬ್ ಬ್ಯಾಟರಿಯಲ್ಲಿ ನಡೆಯುತ್ತದೆ. ನೆಟ್ ಇಲ್ಲದಿದ್ದರೆ ಅಂಕಿ ಟ್ಯಾಬ್‌ನಲ್ಲೇ ಕೂತಿದ್ದು, ನೆಟ್ ಬಂದ ಮೇಲೆ ಆಫೀಸಿನ ಕಂಪ್ಯೂಟರ್‌ಗೂ ಹೊರಗಿನ ಬ್ಯಾಕಪ್‌ಗೂ ಹೋಗುತ್ತದೆ. ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಒಂದು ಹಳೇ ರಿಪೋರ್ಟ್ ತೆಗೆದು, ಸರಿಯಾಗಿ ತೆರೆಯುತ್ತದಾ ಅಂತ ನೋಡುತ್ತೇವೆ. ಇಡೀ ದಿನ ಚಾರ್ಜಿಗೇ ಹಾಕಿಟ್ಟರೆ ಬ್ಯಾಟರಿ ಉಬ್ಬುವ ಭಯ ಇರುತ್ತದೆ, ಹಾಗಾಗಿ ಚಾರ್ಜ್ ಶೇಕಡಾ 80ಕ್ಕೆ ನಿಲ್ಲುವ ಹಾಗೆ ಸೆಟ್ಟಿಂಗ್ ಮಾಡಿದ್ದೇವೆ.

ಇನ್ನು ನಿಮ್ಮ ಕಡೆಯ ವಿಷಯ.

ಮಣ್ಣು ತಂದ ಕೂಡಲೇ ಚೀಲಕ್ಕೆ ನಂಬರ್ ಇರುವ ಸ್ಟಿಕ್ಕರ್ ಅಂಟಿಸಿ, ಅದೇ ನಂಬರಿನ ಚೀಟಿಯನ್ನು ನಿಮ್ಮ ಕೈಗೆ ಕೊಡುತ್ತೇವೆ. ಚೀಲದ ಒಂದು ಫೋಟೋವನ್ನೂ ತೆಗೆದಿಡುತ್ತೇವೆ. ಮೊದಲು ಹೆಸರಿನ ಮೇಲೆ ಹುಡುಕುತ್ತಿದ್ದೆವು. ಒಂದೇ ವಾರದಲ್ಲಿ ನಾಲ್ಕು ಜನ ಮಂಜುನಾಥರು ಬಂದಾಗ ಆ ಪದ್ಧತಿಯ ಮೇಲೆ ನಂಬಿಕೆ ಹೋಯಿತು. ಸರ್ವೆ ನಂಬರ್, ತೋಟದ ಯಾವ ಭಾಗದ ಮಣ್ಣು, ಕೊನೇ ಸಲ ಸುಣ್ಣ ಹಾಕಿದ್ದು ಯಾವಾಗ, ಇವನ್ನು ದಯವಿಟ್ಟು ಬರೆದುಕೊಂಡು ಬನ್ನಿ. ಕೌಂಟರ್ ಮುಂದೆ ನಿಂತು ಮನೆಗೆ ಫೋನ್ ಮಾಡಿ ಕೇಳುವ ಕೆಲಸ ತಪ್ಪುತ್ತದೆ.

ರಿಪೋರ್ಟ್ ವಾಟ್ಸಾಪ್‌ಗೂ ಬರುತ್ತದೆ, ಕೇಳಿದವರಿಗೆ ಕಾಗದದಲ್ಲೂ ಕೊಡುತ್ತೇವೆ. ಸ್ಮಾರ್ಟ್‌ಫೋನ್ ಇಲ್ಲದವರು ಚಿಂತೆ ಮಾಡಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಪರೀಕ್ಷೆ ಮಾಡಿದರು ಅನ್ನುವುದು ರಿಪೋರ್ಟಿನ ಕೆಳಗೇ ಇರುತ್ತದೆ. ಒಂದು ಅಂಕಿ ತಿದ್ದಿದ್ದರೆ ಹಳೆಯ ಅಂಕಿಯೂ ತಿದ್ದಿದ ಕಾರಣವೂ ನಮ್ಮಲ್ಲಿ ಉಳಿದಿರುತ್ತವೆ. ಅನುಮಾನ ಬಂದರೆ ಬನ್ನಿ, ಪರದೆಯಲ್ಲೇ ತೋರಿಸುತ್ತೇವೆ. ನಿಮ್ಮ ರಿಪೋರ್ಟ್ ನಿಮಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಗೊಬ್ಬರದ ಅಂಗಡಿಯವರು ಕೇಳಿದರೂ ಇಲ್ಲ.

ಮೊದಲ ಎರಡು ತಿಂಗಳು ರಿಪೋರ್ಟ್ ಎರಡು ದಿನ ತಡವಾಗಬಹುದು. ನಮ್ಮ ಹಿರಿಯ ಸಿಬ್ಬಂದಿಯ ಕೈ ಇನ್ನೂ ಪೆನ್ನನ್ನೇ ಹುಡುಕುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ದರ ಸದ್ಯಕ್ಕೆ ಹಳೆಯದೇ. ಏಪ್ರಿಲ್‌ನಲ್ಲಿ ಸ್ವಲ್ಪ ಏರಿಸಬೇಕಾಗಬಹುದು, ಈಗಲೇ ಹೇಳಿದ್ದೇವೆ ಅಂತ ಇರಲಿ. ಹಳೇ ಪುಸ್ತಕಗಳು ಬೀರುವಿನಲ್ಲಿ ಭದ್ರವಾಗಿವೆ. ನಿಮ್ಮ ಹಿಂದಿನ ವರ್ಷಗಳ ಅಂಕಿ ಬೇಕಿದ್ದರೆ ಒಂದು ದಿನ ಮುಂಚೆ ತಿಳಿಸಿ, ಹುಡುಕಿಡುತ್ತೇವೆ.

ಅಂದಹಾಗೆ, ಆ ಅಡಿಕೆ ಬೆಳೆಗಾರರ ಮಣ್ಣನ್ನು ಮತ್ತೆ ಪರೀಕ್ಷೆ ಮಾಡಿ, ದುಡ್ಡು ತೆಗೆದುಕೊಳ್ಳದೆ ಹೊಸ ರಿಪೋರ್ಟ್ ಕೊಟ್ಟೆವು. ಹಳೇ ಪುಸ್ತಕದ ಕೈಬರಹದಿಂದ ಇಳಿಸಿದ ನಿಮ್ಮ ಯಾವುದಾದರೂ ರಿಪೋರ್ಟ್‌ನ ಅಂಕಿ ತೋಟಕ್ಕೆ ಹೊಂದುವುದಿಲ್ಲ ಅನ್ನಿಸಿದರೆ, ಅದನ್ನೂ ಅರ್ಧ ಕೆಜಿ ಹೊಸ ಮಣ್ಣನ್ನೂ ತನ್ನಿ. ಮಾರ್ಚ್ ಕೊನೆಯವರೆಗೆ ಆ ಒಂದು ಪರೀಕ್ಷೆ ಉಚಿತ. ಭಾನುವಾರ ರಜಾ, ಮಿಕ್ಕ ದಿನ ಬೆಳಗ್ಗೆ ಹತ್ತರಿಂದ ಕೌಂಟರ್ ತೆರೆದಿರುತ್ತದೆ.

ಇಂತಿ ನಿಮ್ಮ,
ಲ್ಯಾಬ್‌ನ ಎಲ್ಲ ಸಿಬ್ಬಂದಿ